ಯತೀಶನ ಪರದೆಯ ಬಣ್ಣ

ಯತೀಶ್ ಮತ್ತೆ ರಮ್ಯಳನ್ನು ತನ್ನ ಮೇಜಿಗೆ ಕರೆದ. ಅವನ ಕೈಯಲ್ಲಿ, ಆಲ್ಬಮ್ಮಿನ ಬಣ್ಣ ಹೊಂದಿಸಲೆಂದು ಮದುಮಗಳ ಮನೆಯವರು ಕೊಟ್ಟಿದ್ದ ಸೀರೆಯ ಒಂದು ತುಂಡಿತ್ತು.

“ಇದಕ್ಕೆ ಯಾವ ಬಣ್ಣ ಅಂತೀರಾ?”

“ದಾಳಿಂಬೆ ಕೆಂಪು ಕಣ್ರೀ,” ರಮ್ಯ ನಕ್ಕಳು.

ಪಕ್ಕದ ಕಂಪ್ಯೂಟರಿನ ಮುಂದಿದ್ದ ಕಾಂತರಾಜ್ ಹಲ್ಲು ಕಚ್ಚಿದ. ಹುಡುಗಿಯನ್ನು ಮಾತಾಡಿಸಲು ಎಂಥ ನೆಪ!

ಹುಣಸೂರಿನ ನಂಜಣ್ಣನ ಸ್ಟುಡಿಯೋದಲ್ಲಿ ಮದುವೆ ಆಲ್ಬಂ ಎಂದರೆ ಕಾಂತರಾಜನೇ ಎಂಬ ಕಾಲವಿತ್ತು. ಕೌಂಟರಿನಲ್ಲಿ ಕೂರುವ ರಮ್ಯಳನ್ನು ಮದುವೆಯಾಗಬೇಕೆಂದು ಅವನು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡಿದ್ದ. ಅಷ್ಟರಲ್ಲಿ ಕೆ.ಆರ್. ನಗರದಿಂದ ಯತೀಶ್ ಬಂದ. ಅವನ ಆಲ್ಬಮ್ಮುಗಳಲ್ಲಿ ಮುಖದ ಬಣ್ಣ ಇದ್ದ ಹಾಗೇ ಇರುತ್ತಿತ್ತು. ಗಿರಾಕಿಗಳು ಅವನನ್ನೇ ಕೇಳತೊಡಗಿದರು.

“ಪಿರಿಯಾಪಟ್ಟಣದ ಹೊಸ ಸ್ಟುಡಿಯೋನ ಯತೀಶನೇ ನೋಡ್ಕೊಳ್ಲಿ ಅಂತಿದೀನಿ ಕಣ್ಲಾ,” ಎಂದರು ನಂಜಣ್ಣ ಕಾಂತರಾಜನಿಗೆ. “ರಾವಂದೂರಿನ ಈ ಮದುವೆ ಆಲ್ಬಂ ಒಂದು ಚೆನ್ನಾಗಿ ಬಂದ್ಬುಡ್ಲಿ.”

ಯತೀಶನ ಗುಟ್ಟೆಲ್ಲ ಅವನ ಮಾನಿಟರಿನಲ್ಲಿದೆ ಎಂದು ಕಾಂತರಾಜ್ ನಂಬಿದ್ದ. ಪ್ರತಿ ಮಾನಿಟರೂ ಬಣ್ಣವನ್ನು ಒಂದಿಷ್ಟು ಕೆಡಿಸಿಯೇ ತೋರಿಸುತ್ತದೆ. ಆ ದೋಷದ ವಿವರ ಪ್ರೊಫೈಲ್ ಎಂಬ ಫೈಲಿನಲ್ಲಿರುತ್ತದೆ. ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಅದನ್ನು ಫೋಟೋ ತಿದ್ದುವ ಸಾಫ್ಟ್‌ವೇರಿಗೆ ಒದಗಿಸಿ, ಪರದೆಯ ಮೇಲೆ ಸರಿಯಾದ ಬಣ್ಣ ಮೂಡುವಂತೆ ಮಾಡುತ್ತದೆ.

ಯತೀಶ್ ಊಟಕ್ಕೆ ಹೋದಾಗ ಕಾಂತರಾಜ್ ಅವನ ಕುರ್ಚಿಯಲ್ಲಿ ಕೂತ. ಸೆಟ್ಟಿಂಗ್ಸ್ ತೆರೆದು, ಬೇರಾವುದೋ ಮಾನಿಟರಿನ ಪ್ರೊಫೈಲ್ ಹಾಕಿದ. ಪರದೆಯ ಮೇಲಿದ್ದ ಮದುಮಗಳು ಮಂಗಳಗೌರಿಯ ಮುಖ ಜ್ವರ ಬಂದಂತೆ ಕೆಂಪಾಯಿತು. ಇನ್ನು ಯತೀಶ್ ಆ ಕೆಂಪನ್ನು ತಗ್ಗಿಸುತ್ತಾನೆ. ಪ್ರಿಂಟಿನಲ್ಲಿ ಮುಖಗಳೆಲ್ಲ ಹಸಿರಿಗೆ ತಿರುಗುತ್ತವೆ.

ಯತೀಶ್ ಬಂದ, ಕೂತ, ಎಂದಿನಂತೆ ಸಂಜೆವರೆಗೂ ಕೆಲಸ ಮಾಡಿದ.

ಆಲ್ಬಂ ಬಂತು. ಮಂಗಳಗೌರಿಯ ಅವ್ವ ಪುಟ ತಿರುಗಿಸುತ್ತಾ ಕಣ್ಣೊರೆಸಿಕೊಂಡಳು. “ನನ್ ಮಗ್ಳು ಎದ್ರಿಗೇ ನಿಂತಂಗದೆ ಕಣಪ್ಪಾ.” ರಮ್ಯ ಯತೀಶನ ಕಡೆ ನೋಡಿ ಮುಗುಳ್ನಕ್ಕಳು.

ಅವರು ಹೋದ ಮೇಲೆ ಕಾಂತರಾಜನಿಗೆ ತಡೆಯಲಾಗಲಿಲ್ಲ. “ನಿನ್ ಸ್ಕ್ರೀನ್ ಅಷ್ಟು ಕೆಂಪಗಿತ್ತಲ್ಲ, ಅದೆಂಗ್ಲಾ ಸರಿಯಾಗಿ ತಿದ್ದಿದೆ?” ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

“ಕೆಂಪಗಿತ್ತಾ?” ಯತೀಶನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. “ನಾನು ಸ್ಕ್ರೀನ್ ನೋಡಿ ತಿದ್ದಲ್ಲ ಕಣಣ್ಣ. ಫೋಟೋದಲ್ಲಿ ಕೆಂಪೆಷ್ಟು, ಹಸಿರೆಷ್ಟು ಅಂತ ಅಂಕಿ ಬತ್ತವಲ್ಲ, ಅವನ್ನ ನೋಡ್ತೀನಿ. ಸ್ಕ್ರೀನ್ ಎಂಗೇ ತೋರಿಸ್ಲಿ, ಅಂಕಿ ಬದಲಾಗಲ್ಲ.”

“ಕಣ್ಮುಂದೆ ಬಣ್ಣ ಇಟ್ಕೊಂಡು ಅಂಕಿ ಯಾಕ್ಲಾ ನೋಡ್ತೀಯಾ?”

ಯತೀಶ್ ದನಿ ತಗ್ಗಿಸಿದ.

“ರಮ್ಯ ಅವರಿಗೆ ಬುಟ್ರೆ ಯಾರಿಗೂ ಗೊತ್ತಿಲ್ಲ ಕಣಣ್ಣ. ಕೆಂಪು, ಹಸಿರು ಎರಡೂ ನನ್ನ ಕಣ್ಣಿಗೆ ಹುಟ್ಟಿದಾಗಿಂದ ಒಂದೇ.”