ಶನಿವಾರದ ಒಲೆ

“ನಿಮ್ಮ ಕೈಲಿ ಒಲೆ ಹಚ್ಚಿಸಲ್ವಂತೆ. ಬೇಜಾರಾಗಲ್ವಾ ಆಂಟಿ?” ಸಿಂಧು ಫಾರ್ಮಿನ ಮೇಲೆ ಪೆನ್ನು ಹಿಡಿದು ಕೇಳಿದಳು. ಕೆಲಸದವರನ್ನು ಚೆನ್ನಾಗಿ ನೋಡಿಕೊಳ್ಳುವ ಕೋಷರ್, ಅಂದರೆ ಯಹೂದಿ ಆಹಾರ ನಿಯಮ ಪಾಲಿಸುವ, ಹೋಟೆಲುಗಳಿಗೆ ಸರ್ಟಿಫಿಕೇಟ್ ಕೊಡುವ ಸಂಸ್ಥೆಯೊಂದರಿಂದ ಅವಳು ಲಿವೋನಿಯಾ ಹೋಟೆಲಿಗೆ ಬಂದಿದ್ದಳು.

ಅಡುಗೆಯ ಜಾಹಿದಾ ಈರುಳ್ಳಿ ಹೆಚ್ಚುತ್ತಲೇ ಇದ್ದಳು. “ಅದು ಯಹೂದಿಗಳ ನಿಯಮ ಕಣಮ್ಮ, ಒಲೆ ಅವರೇ ಹಚ್ಚಬೇಕು. ದಿನಾ ಬೆಳಿಗ್ಗೆ ಅವರ ಗುರುಗಳು, ರಬ್ಬಿ ಅಂಕಲ್, ಬಂದು ಹಚ್ಚಿಕೊಡ್ತಾರೆ. ‘ಗುಡ್ ಮಾರ್ನಿಂಗ್ ಜಾಹಿದಾ’ ಅಂತಾರೆ. ಆಮೇಲೆ ನಾನು ಪಾತ್ರೆ ಇಡ್ತೀನಿ.”

“ವಾರಕ್ಕೊಂದು ರಜಾ ಇದೆಯಾ?”

“ಶನಿವಾರ. ಅವತ್ತು ಅವರು ಬೆಂಕಿ ಹಚ್ಚೋ ಹಾಗಿಲ್ಲ, ಹೋಟೆಲ್ ಮುಚ್ಚಿರುತ್ತೆ.”

ಸಿಂಧು ‘ಹೌದು’ ಎಂಬಲ್ಲಿ ಗುರುತು ಹಾಕಿದಳು. ಜಾಹಿದಾಳ ಚಾಕು ನಿಂತಿತ್ತು.

“ಅವತ್ತು ಮನೇಲಿ ನಾನೂ ಹಚ್ಚಲ್ಲ,” ಎಂದಳು. “ನಮ್ಮಲ್ಲೇನೂ ನಿಯಮ ಇಲ್ಲ. ಒಬ್ಬಳಿಗೋಸ್ಕರ ಏನಂತ ಹಚ್ಚಲಿ?”