ಹೊರಗಿನ ಕವಿ

ಮೈಸೂರಿನ ರಾಕ್ ಬ್ಯಾಂಡೊಂದರ ಗಾಯಕ ಪ್ರದ್ಯುಮ್ನ ಹತ್ತು ವರ್ಷಗಳಿಂದ ತಾನು ಬರೆದ ಹಾಡುಗಳನ್ನಷ್ಟೇ ಹಾಡುತ್ತಿದ್ದ. ಆದರೆ ಆಡಿಯೊ ಕಂಪನಿಯ ಮಾಲೀಕ ಷಡಕ್ಷರಪ್ಪನವರು ಈ ಸಲ ಅವನು ಕಳಿಸಿದ್ದನ್ನೆಲ್ಲ ಹಿಂದಿರುಗಿಸಿದರು.

"ನೀವು ಬರೆದದ್ದು ನಿಮ್ಮ ಸ್ನೇಹಿತರಿಗೆ ಮಾತ್ರ ಅರ್ಥ ಆಗುತ್ತೆ ಕಣ್ರೀ. ಯಾರಾದ್ರೂ ಹೊರಗಿನ ಕವಿ ಹತ್ರ ಬರೆಸಿ."

ಪ್ರದ್ಯುಮ್ನನಿಗೆ ಮೈಯೆಲ್ಲ ಉರಿಯಿತು. ಡ್ರಮ್ಸ್ ಬಾರಿಸುವ ಕ್ಲೆಮೆಂಟ್ ಮಾತ್ರ ನಕ್ಕು, "ಅದೇ ಹಾಡಿಗೆ ಬೇರೆ ಹೆಸರು ಹಾಕಿ ಕಳ್ಸೋ, ನೋಡೇ ಬಿಡೋಣ," ಎಂದ. ಬೇಡವೆನಿಸಿಕೊಂಡ ಹಾಡೊಂದು ಒಂದಕ್ಷರವೂ ಬದಲಾಗದೆ, ವಿಳಾಸ, ಫೋನ್ ನಂಬರು ಯಾವುದೂ ಇಲ್ಲದೆ 'ಮಧುವನ' ಎಂಬ ಕಾವ್ಯನಾಮವನ್ನಷ್ಟೇ ಹೊತ್ತು, ಪ್ರದ್ಯುಮ್ನನ ಕೈಯಿಂದಲೇ ಮತ್ತೆ ಹೋಯಿತು.

ವಾರದೊಳಗೆ ಪ್ರದ್ಯುಮ್ನನಿಗೆ ಕಂಪನಿಯಿಂದ ಕರೆ ಬಂತು. ಇಬ್ಬರೂ ನಗು ತಡೆದುಕೊಂಡು ಮಾಲೀಕರೆದುರು ಕುಳಿತರು.

"ಹಾಡು ಅಂದ್ರೆ ಇದು!" ಷಡಕ್ಷರಪ್ಪನವರು ಕಾಗದವನ್ನು ಕಣ್ಣಿಗೊತ್ತಿಕೊಂಡರು. "ಒಂದೊಂದು ಸಾಲೂ ಎದೆಗೆ ನಾಟುತ್ತೆ. ಮುಂದಿನ ತಿಂಗಳೇ ರೆಕಾರ್ಡಿಂಗ್."

"ಹಾಗಾದ್ರೆ ನಾಳೆಯಿಂದಲೇ ಅಭ್ಯಾಸ ಶುರು ಮಾಡ್ತೀನಿ ಸಾರ್," ಎಂದ ಪ್ರದ್ಯುಮ್ನ.

ಷಡಕ್ಷರಪ್ಪನವರು ಸಂಕೋಚದಿಂದ ಕನ್ನಡಕ ತೆಗೆದರು.

"ಬೇಜಾರು ಮಾಡ್ಕೋಬೇಡಿ. ನಿನ್ನೆ ಮಧುವನ ಅವರ ಹತ್ರಾನೇ ಫೋನಲ್ಲಿ ಮಾತಾಡ್ದೆ. ಈ ಹಾಡನ್ನ ನೀವು ಹಾಡೋದು ಬೇಡ ಅಂತ ಅವರೇ ಹೇಳಿಬಿಟ್ರು."