ಹಗಲು ಲೈಟಿನ ರೇವಣ

ಇವತ್ತೂ ಅವನು ಅಲ್ಲೇ ನಿಂತಿದ್ದ.

ಮಹಾಗಾಂವ ಕ್ರಾಸಿನ ಬೇವಿನ ಮರದ ಕೆಳಗೆ. ಎಡಗೈಯಲ್ಲಿ ಟಾರ್ಚು. ಬಲಗೈ ಎಂದಿನಂತೆ ಹೆಗಲ ಟವೆಲಿನೊಳಗೆ. ರೇವಣನ ಟಂಟಂ ಆಟೋ ಹತ್ತಿರ ಬರುತ್ತಲೇ ಟಾರ್ಚು ಹೊತ್ತಿತು. ಬೆಳಕು ರೇವಣನ ಮುಖಕ್ಕೆ ಬೀಳಲಿಲ್ಲ. ಗಾಡಿಯ ಹೆಡ್‌ಲೈಟಿನ ಮೇಲೆ ಬಿದ್ದು, ಗಾಡಿ ದಾಟುವವರೆಗೂ ಅಲ್ಲೇ ನಿಂತಿತು.

"ಯಾರ್ ರೀ ಅವ್ರು?" ಹಿಂದೆ ಕೂತ ಪ್ರಯಾಣಿಕ ಕೇಳಿದ.

"ಯಾರೋ," ಎಂದ ರೇವಣ.

ಯಾರೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆತ ತುಕಾರಾಮ. ಹೋದ ಕಾರ್ತಿಕದಲ್ಲಿ ಇದೇ ಕ್ರಾಸಿನಲ್ಲಿ, ಇದೇ ಟಂಟಂಗೆ ಸಿಕ್ಕು ಸತ್ತ ಮಾನಮ್ಮನ ಗಂಡ.

ಸಂಜೆ ಲೈಟ್ ಹಚ್ಚದೆ ಬರುವವರು ಬೇಕೆಂದು ಹಾಗೆ ಬರುವುದಿಲ್ಲ. ತಮಗೆ ದಾರಿ ಕಾಣುತ್ತದೆ, ಆದ್ದರಿಂದ ತಾವೂ ಊರಿಗೆಲ್ಲ ಕಾಣುತ್ತೇವೆ ಎಂದುಕೊಂಡಿರುತ್ತಾರೆ. ಆ ದಿನ ರೇವಣ ಕಮಲಾಪುರ ಬಿಟ್ಟಾಗ ಇನ್ನೂ ಬೆಳಕಿತ್ತು. ನಾಲ್ಕು ಕಡೆ ನಿಲ್ಲಿಸಿ ಕಲಬುರಗಿಗೆ ಹೋಗುವವರನ್ನು ಹತ್ತಿಸಿಕೊಂಡು, ಒಂದು ಕಡೆ ಚಹಾ ಕುಡಿದು, ಮಹಾಗಾಂವ ಮುಟ್ಟುವಷ್ಟರಲ್ಲಿ ರಸ್ತೆಯೂ ತೊಗರಿ ಹೊಲವೂ ಒಂದೇ ಬಣ್ಣವಾಗಿದ್ದವು. ಮಾನಮ್ಮ ಮೇವಿನ ಹೊರೆ ಹೊತ್ತು ರಸ್ತೆ ದಾಟುತ್ತಿದ್ದಳು. ಗಾಡಿ ಅವಳಿಗೆ ಕಾಣಲಿಲ್ಲ. ಅವಳು ಇವನಿಗೆ ಕಾಣಲಿಲ್ಲ.

ಪೊಲೀಸರು ಬಂದು ನೋಡಿದಾಗ ಹೆಡ್‌ಲೈಟಿನ ಸ್ವಿಚ್ಚು ಆಫ್ ಇತ್ತು. ಗಾಡಿಯಲ್ಲಿದ್ದವರೂ ಲೈಟ್ ಇರಲಿಲ್ಲ ಎಂದರು.

"ಹಚ್ಚಿದ್ದೆ ಸಾಹೇಬ್ರ. ಕಮಲಾಪುರದಾಗೇ ಹಚ್ಚಿದ್ದೆ. ನನ್ ಕೈಗಿ ನೆನಪದ ರೀ."

ಕೈಯ ನೆನಪು ಯಾವ ಠಾಣೆಯಲ್ಲಿ ಸಾಕ್ಷಿಯಾದೀತು? ಜಾಮೀನಿನ ಮೇಲೆ ಮನೆಗೆ ಬಂದರೆ ಹೆಂಡತಿ ಗುರುದೇವಿಯೂ ನಂಬಲಿಲ್ಲ. "ಮರ್ತೀನಿ ಅಂತ ಒಂದ್ ಸಲ ಅಂದ್‌ಬಿಡ್ರಿ. ಮನಸ್ಸರ ಹಗುರಾಗ್ತದ," ಎಂದಳು. ಅವನು ಅನ್ನಲಿಲ್ಲ. ಆದರೆ ದಿನ ಕಳೆದಂತೆ ತನ್ನ ಕೈಯ ಮೇಲೆ ತನಗೇ ನಂಬಿಕೆ ಹೋಯಿತು. ಬಾಗಿಲಿಗೆ ಚಿಲಕ ಹಾಕಿ ಬಂದವನು ಮತ್ತೆ ಎದ್ದು ಹೋಗಿ ಮುಟ್ಟಿ ನೋಡುತ್ತಿದ್ದ.

ಮತ್ತೆ ಗಾಡಿ ಹತ್ತಿದ ಮೇಲೆ ಬೆಳಿಗ್ಗೆ ಎಂಟಕ್ಕೇ ಲೈಟ್ ಹಚ್ಚತೊಡಗಿದ. ಎದುರು ಬರುವವರು ಐದು ಬೆರಳು ಅರಳಿಸಿ ಮುಚ್ಚಿ, ಲೈಟ್ ಉರಿಯುತ್ತಿದೆ ಎಂದು ಸನ್ನೆ ಮಾಡುವರು. ಗುರುತು ಪರಿಚಯ ಇಲ್ಲದವರೂ ಮಾಡುವ ಪುಕ್ಕಟೆ ಉಪಕಾರ ಅದು. ಸನ್ನೆ ಕಂಡ ಕೂಡಲೇ ರೇವಣನ ಹೆಬ್ಬೆರಳು ತಾನಾಗಿ ಸ್ವಿಚ್ಚಿನತ್ತ ಹೋಗುತ್ತಿತ್ತು. ಹಲ್ಲು ಕಚ್ಚಿ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ.

ಕಲಬುರಗಿಯ ರಿಂಗ್ ರೋಡ್ ಸ್ಟ್ಯಾಂಡಿನಲ್ಲಿ ಇನ್ನೊಬ್ಬ ಟಂಟಂನವ ಮಜರ್ ನಗುತ್ತಿದ್ದ. "ಯಾವ ನವಾಬನ ಮೆರವಣಿಗಿ ಹೊಂಟದೋ ರೇವಣಾ, ಹಗಲ ದೀವಟಿಗಿ ಹಚ್ಕೊಂಡು?"

ಹೆಸರು ಬಿದ್ದೇಬಿಟ್ಟಿತು. ಹಗಲು ಲೈಟಿನ ರೇವಣ.

ನಗುವವರು ನಗಲಿ, ಅವನ ಹೆದರಿಕೆ ತುಕಾರಾಮನದು. ಆತ ಒಂದು ದಿನವೂ ರೇವಣನ ಕೊರಳಪಟ್ಟಿ ಹಿಡಿಯಲಿಲ್ಲ, ಒಂದು ಬೈಗುಳ ಬೈಯಲಿಲ್ಲ. ಅಪಘಾತದ ಮರುದಿನ ಠಾಣೆಯ ಅಂಗಳದಲ್ಲಿ ಟಂಟಂ ನೋಡಿದವನೇ, ಅದರ ಗಾಜಿನ ಮೇಲಿನ ಕೆಂಪು ಸೂರ್ಯನ ಚಿತ್ರ ನೋಡಿದವನೇ, ಅಲ್ಲೇ ಕುಸಿದು ಕೂತಿದ್ದ. ಬಹಳ ಹೊತ್ತು ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ಆಮೇಲೆ ಕೋರ್ಟಿನಲ್ಲಿ, "ಈ ಹುಡುಗನ ಮ್ಯಾಲ ನಂದೇನೂ ಇಲ್ಲ ರೀ," ಎಂದುಬಿಟ್ಟ. ದೇವರಂಥ ಮನುಷ್ಯ ಎಂದರು ಜನ. ರೇವಣನಿಗೆ ಹಾಗನ್ನಿಸಲಿಲ್ಲ. ಕೋರ್ಟಿಗೆ ಬಿಟ್ಟುಕೊಡದ ಸೇಡು ಇದು, ಒಂದು ದಿನ ತಾನೇ ತೀರಿಸಿಕೊಳ್ಳುತ್ತಾನೆ ಅನ್ನಿಸಿತು.

ಅಂದಿನಿಂದ ಆ ಟಾರ್ಚು. ಲೈಟಿಲ್ಲದೆ ಬರುವ ಬೈಕು, ಟೆಂಪೋಗಳಿಗೆ ಅಡ್ಡ ನಿಂತು "ಲೈಟ್ ಹಚ್ಚರೀ!" ಎಂದು ಕೂಗುತ್ತಾನೆ. ಬಲಗೈ ಮಾತ್ರ ಟವೆಲಿನಿಂದ ಹೊರಗೆ ಬರುವುದಿಲ್ಲ. ಲಕ್ವಾ ಹೊಡೆದಿದೆ ಎನ್ನುತ್ತಿದ್ದರು ಕೆಲವರು. ಕುಡಗೋಲು ಇದೆ ಎಂದು ರೇವಣನ ಅನುಮಾನ.

ಮಾನಮ್ಮ ಸತ್ತು ವರ್ಷ ತುಂಬಿದ ಸಂಜೆ, ಕೊನೆಯ ಪ್ರಯಾಣಿಕ ಕ್ರಾಸಿನಲ್ಲೇ ಇಳಿದುಹೋದ. ಗಾಡಿ ಖಾಲಿ. ಟಾರ್ಚಿನ ಬೆಳಕು ಬಂದು ಹೆಡ್‌ಲೈಟಿನ ಮೇಲೆ ಕೂತಿತು. ರೇವಣನಿಗೆ ಸಾಕಾಗಿಹೋಗಿತ್ತು. ಲೈಟ್ ಹಾಗೇ ಬಿಟ್ಟು ಕೆಳಗಿಳಿದ.

"ಮಾಡೋದಿದ್ರ ಇವತ್ತೇ ಮಾಡ್ಬಿಡು ಕಾಕಾ. ದಿನಾ ದಿನಾ ಸಾಯೋದು ನನಗ ಆಗಲ್ದು."

ತುಕಾರಾಮ ಹತ್ತಿರ ಬಂದ. "ಒಂದ್ ಮಾತು ಕೇಳ್ತೀನಿ, ಖರೇ ಹೇಳು. ಅವತ್ತು ನೀ ಲೈಟ್ ಹಚ್ಚಿದ್ದಿ ಏನು?"

ಠಾಣೆಯಲ್ಲಿ, ಕೋರ್ಟಿನಲ್ಲಿ, ಮನೆಯಲ್ಲಿ ಹೇಳಿ ಹೇಳಿ ಸವೆದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು.

"ಇಲ್ಲ ಕಾಕಾ. ಹಚ್ಚೀನಿ ಅಂತ ಎಲ್ಲರ ಮುಂದ ಹೇಳ್ದೆ. ಈಗ ನನಗೇ ನಂಬಿಕಿ ಇಲ್ಲ. ಮರ್ತೀನಿ. ನಿನ್ನ ಹೆಣ್ತಿನ ಕೊಂದವ ನಾನೇ." ರೇವಣ ಮಕ್ಕಳಂತೆ ಅತ್ತುಬಿಟ್ಟ.

ಟವೆಲು ಸರಿಯಿತು. ರೇವಣ ಕಣ್ಣು ಮುಚ್ಚಿದ. ಏನೂ ಆಗಲಿಲ್ಲ. ಕಣ್ಣು ತೆರೆದರೆ ಅವನದೇ ಹೆಡ್‌ಲೈಟಿನ ಬೆಳಕಿನಲ್ಲಿ ತುಕಾರಾಮನ ಬಲಗೈ. ಕುಡಗೋಲಿಲ್ಲ, ಲಕ್ವಾ ಇಲ್ಲ. ಐದು ಬೆರಳು ಅರಳಿದವು. ಮುಚ್ಚಿದವು. ಮತ್ತೆ ಅರಳಿದವು.

"ನೀ ಹಚ್ಚಿದ್ದಿ, ತಮ್ಮಾ. ಇನ್ನಾ ಬೆಳಕದ, ಸುಮ್ಮ ಬ್ಯಾಟರಿ ಹೋಗ್ತದಂತ, ಕಮಲಾಪುರದ ಹೊರಗ ಬೈಕ್ ಮ್ಯಾಲ ನಿನ್ನ ಎದುರಿಗಿ ಬಂದು, ಹಿಂಗ ಕೈ ಮಾಡಿ ಆರಿಸಿದವ ನಾನು."